ಒಂಬತ್ತು ನಿಮಿಷ ಮಾತಾಡಿದ ಹುಡುಗಿ

ನೀವೀಗ ನೋಡಿದ ಒಂಬತ್ತು ನಿಮಿಷದ ಕಿರುಚಿತ್ರದಲ್ಲಿ ಆ ಹುಡುಗಿಯ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಇತ್ತು. ಅದನ್ನು ನೀವು ಯಾವಾಗ ಗಮನಿಸಿದಿರಿ? ಕಾಲುವೆಗೆ ಎಸೆಯುವಾಗಲಾ, ಇಲ್ಲ ಅದಕ್ಕೂ ಮುಂಚೆನಾ? ಕೈ ಎತ್ತಿ ಅಂತ ಕೇಳುವುದಿಲ್ಲ. ನಿಮ್ಮಷ್ಟಕ್ಕೆ ನೀವೇ ನೆನಪು ಮಾಡಿಕೊಳ್ಳಿ. ಇವತ್ತು ನಾನು ಹೇಳಬೇಕೆಂದು ಬಂದಿರುವುದೆಲ್ಲ ಈ ಪ್ರಶ್ನೆಗೇ ಅಂಟಿಕೊಂಡಿದೆ.

ಮೊದಲು ಚಿತ್ರದ ವಿವರ ಹೇಳಿಬಿಡುತ್ತೇನೆ. ಹೆಸರು ‘ಅಬೌಟ್ ಎ ಗರ್ಲ್’. ಬ್ರಿಟನ್ನಿನದು, 2001ರದ್ದು. ಬರೆದವರು ಜೂಲಿ ರಟರ್‌ಫರ್ಡ್, ನಿರ್ದೇಶಿಸಿದವರು ಬ್ರಯಾನ್ ಪರ್ಸಿವಲ್. ಹುಡುಗಿಯ ಪಾತ್ರ ಮಾಡಿದವಳು ಆಶ್ಲಿ ಥ್ಯೂಲಿಸ್. ಅತ್ಯುತ್ತಮ ಕಿರುಚಿತ್ರ ಅಂತ ಇದಕ್ಕೆ ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ಬಂತು. ಪರ್ಸಿವಲ್ ಮುಂದೆ ‘ಡೌನ್‌ಟನ್ ಆ್ಯಬಿ’ ಧಾರಾವಾಹಿಯ ಹಲವು ಕಂತುಗಳನ್ನು ಮಾಡಿದರು. ಅಲ್ಲಿ ದೊಡ್ಡ ಅರಮನೆಯಂಥ ಮನೆ, ಊಟದ ಮೇಜಿಗೆ ಸಾಲುಗಟ್ಟಿ ಬಡಿಸುವ ಆಳುಗಳು. ಅದೇ ಮನುಷ್ಯ ಅದಕ್ಕೂ ಮೊದಲು ಮ್ಯಾಂಚೆಸ್ಟರಿನ ಕಾಲುವೆ ದಂಡೆಯಲ್ಲಿ ಒಬ್ಬ ಹುಡುಗಿಯ ಜೊತೆ ನಡೆದಿದ್ದರು.

ಮ್ಯಾಂಚೆಸ್ಟರ್ ಅಂದೆ. ಆ ಊರಿನ ಕಾಲುವೆಗಳ ಬಗ್ಗೆ ಒಂದು ಮಾತು ಹೇಳಬೇಕು. ಬ್ರಿಜ್‌ವಾಟರ್ ಕಾಲುವೆ 1761ರಲ್ಲಿ ಕಲ್ಲಿದ್ದಲು ಸಾಗಿಸುವುದಕ್ಕೆ ಶುರುವಾದದ್ದು. ಆಮೇಲೆ ಹತ್ತಿ ಬಂತು, ಗಿರಣಿಗಳು ಬಂದವು, ಇಡೀ ಜಗತ್ತಿಗೇ ಬಟ್ಟೆ ನೇಯ್ದ ಊರಾಯಿತು. ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ ಆ ಗಿರಣಿಗಳು ಮುಚ್ಚಿ ಬಹಳ ಕಾಲವಾಗಿತ್ತು. ದುಡಿಮೆ ಹೋದ ಮೇಲೆ ಮನೆಗಳು ಏನಾದವು ಅನ್ನುವುದನ್ನು ಬ್ರಿಟಿಷ್ ಸಿನಿಮಾ ಬಿಡದೆ ಹೇಳುತ್ತಲೇ ಬಂದಿದೆ. ಈ ಚಿತ್ರ ಅದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅವಳ ಹಿಂದೆ ಕಾಣುವ ಗೋಡೆ, ಬೂದು ಆಕಾಶ, ಕದಲದ ನೀರು, ಎಲ್ಲವೂ ಆ ಕಥೆಯ ಉಳಿಕೆಯೇ.

ಈಗ ಹುಡುಗಿಯ ವಿಷಯಕ್ಕೆ ಬರೋಣ. ಅವಳಿಗೆ ಹದಿಮೂರು ವರ್ಷ. ಚಿತ್ರ ಅವಳನ್ನು ಹೆಸರಿಟ್ಟು ಕರೆಯುವುದಿಲ್ಲ. ಮೊದಲು ಅವಳು ಕಾಣುವುದು ಬರೀ ನೆರಳಿನ ಆಕಾರವಾಗಿ. ಆಕಾಶಕ್ಕೆ ಎದುರಾಗಿ ನಿಂತು ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಹಾಡಿಗೆ ಕುಣಿಯುತ್ತಿದ್ದಾಳೆ, ಹಾಡುತ್ತಿದ್ದಾಳೆ. ಆಮೇಲೆ ಮಾತು ಶುರು. ಯೇಸು ಈಗ ಬದುಕಿದ್ದರೆ ಗಾಯಕನಾಗಿರುತ್ತಿದ್ದ ಅನ್ನುತ್ತಾಳೆ. ಅಲ್ಲಿಂದ ಮಾತು ನಿಲ್ಲುವುದೇ ಇಲ್ಲ. ಹಾಡುಗಾರ್ತಿ ಆಗಬೇಕು ಅನ್ನುವ ಆಸೆ, ಬೇರೆ ಮನೆಯಲ್ಲಿರುವ ಅಪ್ಪ, ಅಮ್ಮನ ಸಿಡುಕು, ಹೀಗೆ ಒಂದರಿಂದ ಇನ್ನೊಂದಕ್ಕೆ ಹಾರುತ್ತಾಳೆ. ನಡೆಯುತ್ತಾ ನಡೆಯುತ್ತಾ ಮಾತು. ಯಾರ ಜೊತೆ ಮಾತಾಡುತ್ತಿದ್ದಾಳೆ? ಪಕ್ಕದಲ್ಲಿ ಯಾರೂ ಇಲ್ಲ. ಕ್ಯಾಮೆರಾ ಇದೆ, ಅಂದರೆ ನಾವಿದ್ದೇವೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮಕ್ಕಳನ್ನು ಹೊಡೆಯುವುದನ್ನು ಸಿನಿಮಾದಲ್ಲಿ ತೋರಿಸುವುದು ಸುಲಭ. ಕೈ ಎತ್ತಿದರೆ ಸಾಕು, ನೋಡುವವರಿಗೆ ಗೊತ್ತಾಗುತ್ತದೆ. ಬೈಗುಳವೂ ಹಾಗೆಯೇ. ಆದರೆ ಅಲಕ್ಷ್ಯವನ್ನು ತೋರಿಸುವುದು ಹೇಗೆ? ಅಲ್ಲಿ ಏನೂ ನಡೆಯುವುದಿಲ್ಲ. ಯಾರೋ ಊಟ ಆಯ್ತಾ ಅಂತ ಕೇಳುವುದಿಲ್ಲ. ಯಾರೋ ಮುಖ ನೋಡುವುದಿಲ್ಲ. ಇವತ್ತು ಯಾಕೆ ಹೀಗಿದ್ದೀಯ ಅನ್ನುವುದಿಲ್ಲ. ನಡೆಯದೆ ಉಳಿದ ಸಂಗತಿಗೆ ಕ್ಯಾಮೆರಾ ಎಲ್ಲಿ ಇಡುತ್ತೀರಿ? ಬ್ರಿಟನ್ನಿನ ಮಕ್ಕಳ ರಕ್ಷಣೆಯ ಮಾರ್ಗಸೂಚಿ ಅಲಕ್ಷ್ಯವನ್ನು ವಿವರಿಸುವಾಗ ಮಗುವಿನ ಮೂಲ ಅಗತ್ಯಗಳನ್ನು ಪೂರೈಸುವಲ್ಲಿ ಮತ್ತೆ ಮತ್ತೆ ಸೋಲುವುದು ಅನ್ನುತ್ತದೆ. ಮೈಯ ಅಗತ್ಯ ಮಾತ್ರವಲ್ಲ, ಮನಸ್ಸಿನ ಅಗತ್ಯ ಕೂಡ. ಅದರಲ್ಲಿ ನನಗೆ ಮುಖ್ಯ ಅನಿಸುವುದು ಆ ‘ಮತ್ತೆ ಮತ್ತೆ’. ಒಂದು ದಿನದಲ್ಲಿ ಅದು ಕಾಣುವುದಿಲ್ಲ. ವರ್ಷಗಟ್ಟಲೆ ನಡೆದದ್ದನ್ನು ಒಂಬತ್ತು ನಿಮಿಷದಲ್ಲಿ ತೋರಿಸುವುದಾದರೂ ಹೇಗೆ?

ರಟರ್‌ಫರ್ಡ್ ಮತ್ತು ಪರ್ಸಿವಲ್ ಹಿಡಿದ ದಾರಿ ಇದು. ಮಾತು ಪೂರ್ತಿ ಅವಳದ್ದೇ. ಆ ಮಾತಿನ ನಡುವೆ ನಡುವೆ ಚಿಕ್ಕ ಚಿಕ್ಕ ತುಣುಕುಗಳು ಬಂದು ಹೋಗುತ್ತವೆ, ಮನೆಯವರ ಜೊತೆಗಿನ ದೃಶ್ಯಗಳು. ಮಾತಿಗೂ ಆ ತುಣುಕಿಗೂ ತಾಳೆ ಆಗುವುದಿಲ್ಲ. ಮಾತು ಕೇಳಿದರೆ ಗಟ್ಟಿಗಿತ್ತಿ ಹುಡುಗಿ, ಚೂಟಿ, ನಗಿಸುತ್ತಾಳೆ. ತುಣುಕು ನೋಡಿದರೆ ಗುಂಪಿನಲ್ಲಿದ್ದೂ ಒಂಟಿ. ಅವಳು ಅಪ್ಪನ ಬಗ್ಗೆ ದೂರು ಹೇಳುವುದಿಲ್ಲ. ಅವನ ಪರವಾಗಿಯೇ ಮಾತಾಡುತ್ತಾಳೆ. ಅವನ ಮಾತನ್ನು ಹೆಮ್ಮೆಯಿಂದ ಎತ್ತಿ ಹೇಳುತ್ತಾಳೆ. ಶಿಕ್ಷಕರಾದ ನೀವು ನಿಮ್ಮ ತರಗತಿಯಲ್ಲೂ ಇಂಥ ಮಕ್ಕಳನ್ನು ನೋಡಿರುತ್ತೀರಿ. ಮನೆಯಲ್ಲಿ ಯಾರು ಕಡಿಮೆ ಕೊಟ್ಟಿರುತ್ತಾರೋ ಅವರನ್ನೇ ಮಗು ಜಾಸ್ತಿ ಕಾಪಾಡುತ್ತದೆ. ನಮ್ಮಪ್ಪ ಹಾಗಲ್ಲ ಸಾರ್ ಅನ್ನುತ್ತದೆ.

ಇನ್ನೊಂದು ವಿಷಯ ಕಟ್ ಮಾಡಿರುವ ರೀತಿ. ಅವಳು ಒಂದು ಕಡೆ ಮಾತಾಡುತ್ತಿರುತ್ತಾಳೆ, ವಾಕ್ಯ ಮುಗಿಯುವ ಮುಂಚೆಯೇ ಚಿತ್ರ ಜಿಗಿಯುತ್ತದೆ. ಬೇರೆ ಜಾಗ, ಬೇರೆ ಹಿನ್ನೆಲೆ, ಮಾತು ಮಾತ್ರ ಹಾಗೇ ಮುಂದುವರಿದಿದೆ. ಇದಕ್ಕೆ ಜಂಪ್ ಕಟ್ ಅನ್ನುತ್ತಾರೆ. ಬರೀ ಶೋಕಿಗೆ ಇದನ್ನು ಬಳಸುವವರಿದ್ದಾರೆ. ಇಲ್ಲಿ ಅದಕ್ಕೊಂದು ಕೆಲಸ ಇದೆ. ಅವಳು ಬಹಳ ಹೊತ್ತಿನಿಂದ ನಡೆಯುತ್ತಿದ್ದಾಳೆ ಅನ್ನುವುದು ನಮಗೆ ಹಾಗೆ ತಿಳಿಯುತ್ತದೆ. ಎಲ್ಲಿಗೆ ಹೋಗುತ್ತಿದ್ದಾಳೆ ಅಂತ ನಾವು ಕೇಳಿಕೊಳ್ಳುವುದಿಲ್ಲ. ಹದಿಮೂರರ ಹುಡುಗಿ ಊರಿಂದಾಚೆ, ಒಬ್ಬಳೇ, ಇಷ್ಟು ಹೊತ್ತು ಯಾಕೆ ತಿರುಗುತ್ತಿದ್ದಾಳೆ? ನಾನು ಈ ಚಿತ್ರವನ್ನು ಹಲವರಿಗೆ ತೋರಿಸಿದ್ದೇನೆ. ನೋಡುವಾಗ ಈ ಪ್ರಶ್ನೆ ತಮಗೆ ಬಂತು ಅಂದವರು ಬಹಳ ಕಡಿಮೆ.

ಯಾಕಂದರೆ ಅವಳು ಮಾತಾಡುತ್ತಿದ್ದಾಳೆ! ಮಾತಾಡುವ ಮಗು ಸರಿಯಾಗಿದೆ ಅಂತ ನಾವು ಅಂದುಕೊಂಡುಬಿಡುತ್ತೇವೆ. ಮೂಲೆಯಲ್ಲಿ ಸುಮ್ನೆ ಕೂತ ಮಗು ಕಣ್ಣಿಗೆ ಬೀಳುತ್ತದೆ, ಏನೋ ಆಗಿದೆ ಅನ್ನಿಸುತ್ತದೆ. ವಟವಟ ಅನ್ನುವ ಮಗುವಿಗೆ ನಾವು ವಾಚಾಳಿ ಅಂತ ಹೆಸರಿಟ್ಟು ಮುಂದೆ ಹೋಗುತ್ತೇವೆ. ಈ ಹುಡುಗಿ ಒಂಬತ್ತು ನಿಮಿಷ ನಮ್ಮ ಮುಂದೆಯೇ ಇದ್ದಳು. ಮಾತು ಕೇಳಿದೆವು, ನಕ್ಕೆವು ಕೂಡ. ಕೈಯಲ್ಲಿ ಏನಿದೆ ಅಂತ ಕೇಳಲಿಲ್ಲ. ಅಮ್ಮ ಮಾಡದೆ ಬಿಟ್ಟದ್ದನ್ನು, ಅಪ್ಪ ಮಾಡದೆ ಬಿಟ್ಟದ್ದನ್ನು ನೋಡುವವರೂ ಮಾಡದೆ ಬಿಡುವಂತೆ ಮಾಡುವುದು, ಇದೇ ಈ ಚಿತ್ರ ಮಾಡಿದ ಕೆಲಸ. ಅಲಕ್ಷ್ಯವನ್ನು ತೋರಿಸುವುದಕ್ಕೆ ಇದಕ್ಕಿಂತ ಪ್ರಾಮಾಣಿಕ ದಾರಿಯನ್ನು ನಾನು ಬೇರೆ ಚಿತ್ರದಲ್ಲಿ ಕಂಡಿಲ್ಲ. ಅಯ್ಯೋ ಪಾಪ ಅಂತ ದೂರ ನಿಂತು ನೋಡುವುದಕ್ಕೆ ಅದು ನಮ್ಮನ್ನು ಬಿಡುವುದಿಲ್ಲ.

ಕೊನೆಯ ನಿಮಿಷವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಚೀಲ ಎಸೆಯುವಾಗ ಅವಳ ಮುಖದಲ್ಲಿ ಏನೂ ಬದಲಾಗುವುದಿಲ್ಲ. ಚಿತ್ರವೂ ಅದನ್ನೊಂದು ದೊಡ್ಡ ಘಟನೆ ಅಂತ ಎತ್ತಿ ಹಿಡಿಯುವುದಿಲ್ಲ. ಕಸ ಎಸೆದಷ್ಟೇ ಸಲೀಸು. ಆಮೇಲೆ ಅಮ್ಮನಿಂದ ವಿಷಯ ಮುಚ್ಚಿಡುವುದರಲ್ಲಿ ತಾನೀಗ ಪಳಗಿದ್ದೇನೆ ಅನ್ನುವ ಅರ್ಥದ ಒಂದು ಮಾತು. ಅದನ್ನೂ ಅವಳು ಅಳುತ್ತಾ ಹೇಳುವುದಿಲ್ಲ. ಹೊಸದಾಗಿ ಸೈಕಲ್ ಕಲಿತವರು ಹೇಳುತ್ತಾರಲ್ಲ, ಆ ದನಿಯಲ್ಲಿ ಹೇಳುತ್ತಾಳೆ. ಆಮೇಲೆ ನೀರಿನ ಒಳಗಿನಿಂದ ಒಂದು ಶಾಟ್. ಮುಳುಗುತ್ತಿರುವ ಚೀಲ, ಅದರಿಂದ ಹೊರಬರುವ ಕೂಸು, ಅವಳೇ ಹೆತ್ತದ್ದು.

ಆ ಮಾತನ್ನು ಇನ್ನೊಮ್ಮೆ ಯೋಚಿಸಿ. ಮುಚ್ಚಿಡುವುದರಲ್ಲಿ ಪಳಗಬೇಕಾದರೆ ಅಭ್ಯಾಸ ಬೇಕು. ಅಂದರೆ ಈ ಹುಡುಗಿ ಮೊದಲ ಸಲ ಮುಚ್ಚಿಟ್ಟದ್ದು ಗರ್ಭವನ್ನಲ್ಲ. ಚಿಕ್ಕ ಚಿಕ್ಕದ್ದನ್ನು ಮುಚ್ಚಿಡುತ್ತಾ ಮುಚ್ಚಿಡುತ್ತಾ ಇಲ್ಲಿಗೆ ಬಂದಿದ್ದಾಳೆ. ಬೈಸಿಕೊಳ್ಳದಿರಲಿ ಅಂತ ಒಂದು, ಅಮ್ಮನಿಗೆ ಇನ್ನೊಂದು ತಲೆನೋವು ಬೇಡ ಅಂತ ಒಂದು. ಹೇಳಿದರೂ ಕೇಳುವವರಿಲ್ಲ ಅಂತ ಗೊತ್ತಾದ ಮೇಲೆ ಮುಚ್ಚಿಡುವುದೇ ಅಭ್ಯಾಸವಾಗುತ್ತದೆ. ಒಂದೇ ಸೂರಿನಡಿ ಇರುವ ಹುಡುಗಿ ತಿಂಗಳುಗಟ್ಟಲೆ ಗರ್ಭ ಹೊತ್ತು ತಿರುಗಿದ್ದಾಳೆ. ಊಟ, ಬಟ್ಟೆ, ನಡಿಗೆ ಎಲ್ಲ ಬದಲಾಗಿರುತ್ತದೆ. ಯಾರ ಕಣ್ಣಿಗೂ ಬಿದ್ದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಮಗುವಿನ ತಂದೆ ಯಾರು ಅಂತ ಚಿತ್ರ ಹೇಳುವುದಿಲ್ಲ. ಮಗು ಹುಟ್ಟುವಾಗ ಜೀವ ಇತ್ತಾ ಅನ್ನುವುದನ್ನೂ ಬಿಡಿಸಿ ಹೇಳುವುದಿಲ್ಲ. ಈ ಎರಡೂ ಕಡೆ ಬರಹಗಾರ್ತಿ ತಡೆದದ್ದು ಸರಿ ಅನ್ನುವುದು ನನ್ನ ಅಭಿಪ್ರಾಯ. ತಂದೆ ಇಂಥವನು ಅಂದುಬಿಟ್ಟರೆ ನಮಗೆ ಬೈಯುವುದಕ್ಕೆ ಒಬ್ಬ ಸಿಕ್ಕಿಬಿಡುತ್ತಾನೆ, ಉಳಿದವರೆಲ್ಲ ಪಾರಾಗುತ್ತಾರೆ. ಆದರೆ ನಾವು ಒಂದನ್ನು ಮರೆಯಬಾರದು. ಹದಿಮೂರು ವರ್ಷದ ಹುಡುಗಿ ಗರ್ಭಿಣಿ ಅಂದರೆ ಅವಳ ಮೇಲೆ ಒಂದು ಅಪರಾಧ ನಡೆದಿದೆ. ಅದು ಅಲ್ಲೂ ಅಪರಾಧ, ಇಲ್ಲೂ ಅಪರಾಧ. ಚಿತ್ರದಲ್ಲಿ ಆ ಅಪರಾಧ ಕಾಣುವುದೇ ಇಲ್ಲ, ಅವಳ ಬದುಕಿನಲ್ಲೂ ಯಾರಿಗೂ ಕಾಣಲಿಲ್ಲ.

ಕಾನೂನಿನ ವಿಷಯ ಬಂತು, ಒಂದೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನಲ್ಲಿ ಹತ್ತು ವರ್ಷ ತುಂಬಿದ ಮಗುವಿನ ಮೇಲೆ ಕ್ರಿಮಿನಲ್ ಮೊಕದ್ದಮೆ ಹಾಕಬಹುದು. ಹಾಗಾಗಿ ಈ ಹುಡುಗಿಯನ್ನು ಕಟಕಟೆಯಲ್ಲಿ ನಿಲ್ಲಿಸಬಹುದು. ಆದರೆ ಅಲ್ಲಿ 1938ರ ಶಿಶುಹತ್ಯೆ ಕಾಯ್ದೆ ಅಂತ ಒಂದಿದೆ. ಹೆರಿಗೆಯ ಪರಿಣಾಮದಿಂದ ಮನಸ್ಸಿನ ಸ್ಥಿಮಿತ ತಪ್ಪಿದ ತಾಯಿಯಿಂದ ಹನ್ನೆರಡು ತಿಂಗಳೊಳಗಿನ ತನ್ನ ಮಗು ಸತ್ತರೆ ಅದನ್ನು ಕೊಲೆಗಿಂತ ಕಡಿಮೆ ದರ್ಜೆಯ ಅಪರಾಧವಾಗಿ ನೋಡಬೇಕು ಅನ್ನುತ್ತದೆ. ಕಾನೂನಿಗೂ ಆ ಕ್ಷಣದ ತಾಯಿಯ ಸ್ಥಿತಿ ಅರ್ಥವಾಗಿದೆ. ಅದಕ್ಕೂ ಹಿಂದಿನ ಒಂಬತ್ತು ತಿಂಗಳನ್ನು ನೋಡಿಕೊಳ್ಳಬೇಕಾದದ್ದು ಮಾತ್ರ ಕಾನೂನಲ್ಲ, ಮನುಷ್ಯರು.

ಈ ಚಿತ್ರ ಬಂದ ಕಾಲವೂ ಮುಖ್ಯ. ಪಶ್ಚಿಮ ಯೂರೋಪಿನಲ್ಲಿ ಹದಿಹರೆಯದ ಹೆರಿಗೆ ಅತಿ ಜಾಸ್ತಿ ಇದ್ದ ದೇಶಗಳಲ್ಲಿ ಬ್ರಿಟನ್ ಆಗ ಮುಂದಿತ್ತು. 1999ರಲ್ಲಿ ಅಲ್ಲಿನ ಸರ್ಕಾರ ಒಂದು ಯೋಜನೆ ತಂದಿತು, ಹದಿನೆಂಟರೊಳಗಿನವರ ಗರ್ಭಧಾರಣೆಯನ್ನು 2010ರ ಹೊತ್ತಿಗೆ ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತು. ಪತ್ರಿಕೆಗಳಲ್ಲಿ ದಿನಾ ಅದೇ ಚರ್ಚೆ. ಹದಿಹರೆಯದ ತಾಯಿ ಅಂದರೆ ಒಂದು ಸಮಸ್ಯೆ, ಒಂದು ಅಂಕಿ. ಅಂಥ ಹೊತ್ತಿನಲ್ಲಿ ಈ ಚಿತ್ರ ಒಬ್ಬಳೇ ಹುಡುಗಿಯನ್ನು ತಂದು ನಿಲ್ಲಿಸಿ ಅವಳಿಗೆ ಮಾತಾಡಲು ಬಿಟ್ಟಿತು. ಗರ್ಭದ ಬಗ್ಗೆ ಒಂದು ಮಾತೂ ಆಡದೆ ಬೇರೆಲ್ಲ ಮಾತಾಡಲು ಬಿಟ್ಟಿತು.

ಇದರ ಜೊತೆ ಇನ್ನೊಂದು ಕಿರುಚಿತ್ರ ನೋಡಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಆ್ಯಂಡ್ರಿಯಾ ಆರ್ನಲ್ಡ್ ಅವರ ‘ವಾಸ್ಪ್’, 2003ರದ್ದು. ಅದಕ್ಕೆ ಆಸ್ಕರ್ ಬಂತು. ಅದು ತಾಯಿಯ ಕಡೆಯಿಂದ ಹೇಳಿದ ಕಥೆ. ನಾಲ್ಕು ಮಕ್ಕಳ ತಾಯಿ, ಗಂಡನಿಲ್ಲ, ದುಡ್ಡಿಲ್ಲ. ಹಳೆಯ ಗೆಳೆಯನೊಬ್ಬ ಸಿಕ್ಕಿದ್ದಾನೆ. ಒಂದೇ ಒಂದು ಸಂಜೆ ತಾನೂ ಒಬ್ಬ ಹೆಣ್ಣು ಅನ್ನಿಸಿಕೊಳ್ಳಬೇಕು ಅನ್ನುವ ಆಸೆ ಅವಳಿಗೆ. ಮಕ್ಕಳನ್ನು ಪಬ್ಬಿನ ಹೊರಗೆ ನಿಲ್ಲಿಸಿ ಒಳಗೆ ಹೋಗುತ್ತಾಳೆ. ಹೊರಗೆ ಹಸಿದ ಮಕ್ಕಳು. ಕೂಸಿನ ಬಾಯಿಗೆ ಕಣಜದ ಹುಳ ಹೋಗುತ್ತದೆ, ಚಿತ್ರದ ಹೆಸರೂ ಅದೇ. ನೋಡುವಾಗ ಆ ತಾಯಿಯ ಮೇಲೆ ಸಿಟ್ಟು ಬರುತ್ತದೆ, ಆದರೆ ಅವಳನ್ನು ದ್ವೇಷಿಸಲು ಆಗುವುದಿಲ್ಲ. ‘ಅಬೌಟ್ ಎ ಗರ್ಲ್’ ನೋಡಿ ಆ ಹುಡುಗಿಯ ಅಮ್ಮನನ್ನು ಬೈಯಬೇಕು ಅನ್ನಿಸಿದರೆ ‘ವಾಸ್ಪ್’ ನೋಡಿ. ಆ ಅಮ್ಮನಿಗೂ ಇವತ್ತು ಹೇಗಿದ್ದೀಯ ಅಂತ ಕೇಳಿದವರು ಯಾರು?

ಇಲ್ಲಿ ಶಿಕ್ಷಕರು ಜಾಸ್ತಿ ಇರುವುದರಿಂದ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಈ ಚಿತ್ರ ನೋಡಿದಾಗಲೆಲ್ಲ ನನಗೆ ಕೆನ್ ಲೋಚ್ ಅವರ ‘ಕೆಸ್’ ನೆನಪಾಗುತ್ತದೆ. 1969ರ ಚಿತ್ರ, ಪೂರ್ಣ ಪ್ರಮಾಣದ್ದು. ಉತ್ತರ ಇಂಗ್ಲೆಂಡಿನ ಬಾರ್ನ್ಸ್‌ಲಿ, ಕಲ್ಲಿದ್ದಲು ಗಣಿಯ ಊರು. ಬಿಲ್ಲಿ ಕ್ಯಾಸ್ಪರ್ ಅನ್ನುವ ಹುಡುಗ. ಅಪ್ಪ ಇಲ್ಲ, ಅಮ್ಮನಿಗೆ ಅವಳದ್ದೇ ಚಿಂತೆ, ಅಣ್ಣ ಹೊಡೆಯುತ್ತಾನೆ. ಶಾಲೆಯಲ್ಲಿ ಹೆಡ್‌ಮಾಸ್ಟರ್ ಬೆತ್ತ, ಆಟದ ಮೇಷ್ಟ್ರ ಕಾಟ. ಅವನು ಒಂದು ಪುಟ್ಟ ಗಿಡುಗವನ್ನು ಸಾಕಿ ಪಳಗಿಸುತ್ತಾನೆ. 

ಒಂದು ದಿನ ಇಂಗ್ಲಿಷ್ ತರಗತಿಯಲ್ಲಿ ಫಾರ್ದಿಂಗ್ ಅನ್ನುವ ಮೇಷ್ಟ್ರು ನಿಜವಾಗಿ ನಡೆದದ್ದನ್ನು ಹೇಳಿ ಅಂತ ಮಕ್ಕಳನ್ನು ಕೇಳುತ್ತಾರೆ. ಬಿಲ್ಲಿಯ ಸರದಿ ಬರುತ್ತದೆ. ಅವನಿಗೆ ಹೇಳಲು ಏನೂ ಇಲ್ಲ. ಪಕ್ಕದ ಹುಡುಗ, ಅವನ ಗಿಡುಗದ ಬಗ್ಗೆ ಕೇಳಿ ಸಾರ್ ಅನ್ನುತ್ತಾನೆ. ಮೇಷ್ಟ್ರು ಕೇಳುತ್ತಾರೆ. ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಹುಡುಗ ಎದ್ದು ಮುಂದೆ ಬರುತ್ತಾನೆ. ಹಕ್ಕಿಯ ಕಾಲಿಗೆ ಕಟ್ಟುವ ತೊಗಲಿನ ಪಟ್ಟಿ ಹೇಗಿರುತ್ತದೆ, ದಾರ ಹೇಗೆ ಹಾಕಬೇಕು, ಮೊದಲ ಸಲ ದಾರ ಬಿಚ್ಚಿ ಹಾರಿಸಿದಾಗ ಏನಾಯಿತು, ಎಲ್ಲ ಹೇಳುತ್ತಾನೆ. ಇಡೀ ತರಗತಿ ಬಾಯಿಬಿಟ್ಟು ಕೇಳುತ್ತದೆ. ಆಮೇಲೆ ಆ ಮೇಷ್ಟ್ರು ಅಷ್ಟಕ್ಕೇ ಬಿಡುವುದಿಲ್ಲ. ಹುಡುಗ ಹಕ್ಕಿ ಹಾರಿಸುವ ಜಾಗಕ್ಕೇ ಹೋಗಿ ನಿಂತು ನೋಡುತ್ತಾರೆ. ಆ ಪಾತ್ರ ಮಾಡಿದ ಕಾಲಿನ್ ವೆಲ್ಯಾಂಡ್ ಅವರಿಗೆ ಬಾಫ್ಟಾ ಬಂತು.

ಬಿಲ್ಲಿಯ ಬದುಕು ಅದರಿಂದ ಸರಿಹೋಯಿತಾ? ಇಲ್ಲ. ಕೊನೆಗೆ ಅಣ್ಣ ಸಿಟ್ಟಿನಲ್ಲಿ ಆ ಗಿಡುಗವನ್ನು ಕೊಂದೇಬಿಡುತ್ತಾನೆ. ಆದರೂ ಆ ಹುಡುಗನನ್ನು ಒಮ್ಮೆ ಒಬ್ಬ ದೊಡ್ಡ ಮನುಷ್ಯ ಕೇಳಿದ್ದ, ಅವನ ಮಾತು ಮುಗಿಯುವವರೆಗೆ ಕಾದಿದ್ದ. ಮ್ಯಾಂಚೆಸ್ಟರಿನ ಈ ಹುಡುಗಿಗೆ ಫಾರ್ದಿಂಗ್ ಇಲ್ಲ. ಅವಳೂ ಬಿಲ್ಲಿಯಷ್ಟೇ ಚೆನ್ನಾಗಿ ಮಾತಾಡುತ್ತಾಳೆ, ಬಹುಶಃ ಅವನಿಗಿಂತ ಚೆನ್ನಾಗಿ. ಕೇಳಲು ತರಗತಿಯೇ ಇಲ್ಲ. ಎರಡು ಚಿತ್ರಗಳ ನಡುವೆ ಮೂವತ್ತೆರಡು ವರ್ಷ. ಆ ಅಂತರದಲ್ಲಿ ಗಣಿ ಹೋಯಿತು, ಗಿರಣಿ ಹೋಯಿತು, ಮೇಷ್ಟ್ರೂ ಹೋದರೇನೋ ಅನ್ನಿಸುತ್ತದೆ ನನಗೆ.

ನಮ್ಮಲ್ಲಿ ಹೇಗೆ ಅಂತ ನೀವು ಕೇಳುತ್ತೀರಿ. ಹೊಸದಾಗಿ ಹುಟ್ಟಿದ ಕೂಸು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು, ಪೊದೆಯಲ್ಲಿ ಸಿಕ್ಕಿತು ಅನ್ನುವ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲೂ ಬರುತ್ತದೆ. ಜೊತೆಗೆ ‘ನಿರ್ದಯಿ ತಾಯಿ’ ಅನ್ನುವ ತಲೆಬರಹ. ಆ ತಾಯಿಗೆ ಎಷ್ಟು ವಯಸ್ಸು, ಶಾಲೆಗೆ ಹೋಗುತ್ತಿದ್ದಳಾ ಅಂತ ಸುದ್ದಿ ಬರೆದವರು ವಿಚಾರಿಸಿರುವುದಿಲ್ಲ. ಈ ತಲೆಬರಹ ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಮಗುವನ್ನು ಸಾಕಲಾರದವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅದನ್ನು ಒಪ್ಪಿಸಬಹುದು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮನಸ್ಸು ಬದಲಾದರೆ ವಾಪಸ್ ಪಡೆಯಲು ಎರಡು ತಿಂಗಳ ಕಾಲಾವಕಾಶ ಇದೆ. ಸಾಕಲಾಗದ ಕೂಸನ್ನು ಸುರಕ್ಷಿತವಾಗಿ ಬಿಟ್ಟುಹೋಗಲು ರಾಜ್ಯದಲ್ಲಿ ‘ಮಮತೆಯ ತೊಟ್ಟಿಲು’ ಇದೆ. 1098 ಮಕ್ಕಳ ಸಹಾಯವಾಣಿ ಇದೆ. ಈ ನಂಬರ್ ನಿಮ್ಮ ಶಾಲೆಯ ಗೋಡೆಯ ಮೇಲೆ ಬರೆದಿರಬಹುದು. ಆದರೆ ಹೆದರಿದ ಹುಡುಗಿ ನಂಬರ್ ಒತ್ತುವ ಮುಂಚೆ ಒಂದು ಮುಖ ಹುಡುಕುತ್ತಾಳೆ. ನಿಮ್ಮಲ್ಲಿ ಒಬ್ಬರು ಆ ಮುಖ ಆಗಬೇಕು. ಆಮೇಲೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯಡಿ ವಿಷಯವನ್ನು ಪೊಲೀಸರಿಗೆ ತಿಳಿಸುವ ಹೊಣೆಯೂ ನಿಮ್ಮ ಮೇಲೆ ಬರುತ್ತದೆ. ಅದನ್ನು ಮೊದಲೇ ತಿಳಿದುಕೊಂಡಿರಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಟ್ಟು ಆಮೇಲೆ ತಪ್ಪಬೇಡಿ. ಅಂಥ ಮಕ್ಕಳಿಗೆ ಇನ್ನೊಂದು ಮುರಿದ ಮಾತನ್ನು ತಡೆಯುವ ಶಕ್ತಿ ಇರುವುದಿಲ್ಲ.

ಚಿತ್ರದ ಬಗ್ಗೆ ನನಗೊಂದು ತಕರಾರೂ ಇದೆ. ಅದನ್ನು ಬಚ್ಚಿಟ್ಟು ಹೊಗಳುವುದು ಸರಿಯಲ್ಲ. ಕೊನೆಯಲ್ಲಿ ಬೆಚ್ಚಿಬೀಳಿಸುವ ಕಿರುಚಿತ್ರಗಳು ಬಹಳ ಇವೆ. ಆ ಪೆಟ್ಟು ಎಷ್ಟು ಜೋರಾಗಿರುತ್ತದೆ ಅಂದರೆ ನೋಡಿದವರಿಗೆ ಅದೊಂದೇ ನೆನಪಿರುತ್ತದೆ. ಹುಡುಗಿ ಮರೆತುಹೋಗುತ್ತಾಳೆ, ಚೀಲ ಉಳಿಯುತ್ತದೆ. ಈ ಅಪಾಯ ಇಲ್ಲೂ ಇದೆ. ಅದಕ್ಕೇ ಇದನ್ನು ಎರಡು ಸಲ ನೋಡಬೇಕು ಅನ್ನುತ್ತೇನೆ. ಎರಡನೇ ಸಲ ಕೊನೆ ಏನು ಅಂತ ಗೊತ್ತಿರುತ್ತದೆ. ಆಗ ಅವಳ ನಗು, ಅವಳ ಕುಣಿತ, ಆಸೆಗಳ ಪಟ್ಟಿ ಎಲ್ಲ ಬೇರೆ ಥರ ಕೇಳಿಸುತ್ತದೆ. ಇವತ್ತೇ, ಸ್ವಲ್ಪ ಹೊತ್ತಿಗೆ ಮುಂಚೆ ಇವಳು ಒಬ್ಬಳೇ ಹೆತ್ತಿರಬೇಕು ಅನ್ನುವುದು ಹೊಳೆಯುತ್ತದೆ. ಮೈಯಲ್ಲಿ ಎಷ್ಟು ನೋವಿರಬಹುದು, ಆದರೂ ಹೇಗೆ ನಡೆಯುತ್ತಿದ್ದಾಳೆ? ಚಿತ್ರ ನಿಜವಾಗಿ ಶುರುವಾಗುವುದು ಆ ಎರಡನೇ ನೋಟದಲ್ಲಿ.

ನೀರೊಳಗಿನ ಆ ಶಾಟ್ ಬೇಕಿತ್ತಾ ಅಂತ ಕೆಲವರು ಕೇಳುತ್ತಾರೆ. ಚೀಲ ಎಸೆದಲ್ಲಿಗೇ ನಿಲ್ಲಿಸಬಹುದಿತ್ತಲ್ಲ, ನಾವೇ ಊಹಿಸಿಕೊಳ್ಳುತ್ತಿದ್ದೆವಲ್ಲ ಅಂತ. ನನ್ನ ಉತ್ತರ, ಬೇಕಿತ್ತು. ಊಹೆಗೆ ಬಿಟ್ಟರೆ ನಾವು ನಮಗೆ ಅನುಕೂಲವಾದದ್ದನ್ನೇ ಊಹಿಸುತ್ತೇವೆ. ಇರಲಿಕ್ಕಿಲ್ಲ ಅಂದುಕೊಂಡು ಎದ್ದು ಹೋಗುತ್ತೇವೆ. ಈ ಹುಡುಗಿಯ ಮನೆಯವರು ಅಷ್ಟು ತಿಂಗಳು ಮಾಡಿದ್ದೂ ಅದನ್ನೇ ಅಲ್ವಾ?

ಕೊನೆಯದಾಗಿ, ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ತೋರಿಸಬಹುದಾ ಅಂತ ಚೀಟಿಯಲ್ಲಿ ಬರೆದು ಕೊಟ್ಟಿದ್ದೀರಿ. ಇದ್ದಕ್ಕಿದ್ದಂತೆ ತೋರಿಸಬೇಡಿ. ಆ ಕೊಠಡಿಯಲ್ಲಿ ಯಾರ ಮನೆಯಲ್ಲಿ ಏನಿದೆ ಅಂತ ನಮಗೆ ಗೊತ್ತಿರುವುದಿಲ್ಲ. ಮೊದಲು ಸ್ಟಾಫ್ ರೂಮಿನಲ್ಲಿ ನೀವೆಲ್ಲ ಕೂತು ನೋಡಿ. ಪೋಷಕರ ಸಭೆಯಲ್ಲಿ ತೋರಿಸಿ. ಮಕ್ಕಳಿಗೆ ಬೇಕಾದರೆ ‘ಕೆಸ್’ ತೋರಿಸಿ, ಆ ತರಗತಿಯ ದೃಶ್ಯದಿಂದ ಶುರು ಮಾಡಿದರೂ ಆಯಿತು. ಆಮೇಲೆ ಫಾರ್ದಿಂಗ್ ಮೇಷ್ಟ್ರು ಕೇಳಿದ್ದನ್ನೇ ನೀವೂ ಕೇಳಿ, ನಿಜವಾಗಿ ನಡೆದ ಒಂದು ಸಂಗತಿ ಹೇಳಿ ಅಂತ. ಅದಕ್ಕೆ ಒಂದು ಪೀರಿಯಡ್ ಸಾಲುವುದಿಲ್ಲ, ಎರಡು ಇಟ್ಟುಕೊಳ್ಳಿ.